ಮುದಿ ಕಂಪ್ಯೂಟರಿಗೊಂದು ಬ್ರೌಸರು

ನಮ್ಮ ತಂದೆಯವರು ತಾಲ್ಲೂಕು ಕಚೇರಿಯ ಎದುರಿನ ಒಂದು ಸಣ್ಣ ಮಳಿಗೆಯಲ್ಲಿ ಕುಳಿತು ಅರ್ಜಿ, ಕರಾರುಪತ್ರ, ಬಾಡಿಗೆ ಪತ್ರಗಳನ್ನು ಟೈಪು ಮಾಡಿಕೊಡುತ್ತಾರೆ. ಮನೆಯ ಅಕ್ಕಿಬೇಳೆಯೂ ನನ್ನ ಕಾಲೇಜಿನ ಶುಲ್ಕವೂ ಅಲ್ಲಿನ ಒಂದೇ ಒಂದು ಕಂಪ್ಯೂಟರಿನಿಂದ ಹುಟ್ಟಬೇಕು. 2015ರಲ್ಲಿ ಬಾಗಿಲು ಹಾಕುತ್ತಿದ್ದ ಸೈಬರ್ ಸೆಂಟರೊಂದರಿಂದ ಅಪ್ಪ ಅದನ್ನು ಕುರ್ಚಿಯ ಸಮೇತ ಕೊಂಡು ತಂದರು. ಕುರ್ಚಿ ಎರಡು ವರ್ಷದಲ್ಲಿ ಮುರಿಯಿತು. ಕಂಪ್ಯೂಟರು ಇನ್ನೂ ಇದೆ. ಪೆಂಟಿಯಂ ಡ್ಯುಯಲ್ ಕೋರ್, 2 ಜಿ.ಬಿ. ರ್‍ಯಾಮ್, ವಿಂಡೋಸ್ 7. ಗುಂಡಿ ಒತ್ತಿದೊಡನೆ ಅದರೊಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತದೆ. ಯಂತ್ರ ಕಣ್ಣು ಬಿಡುವಷ್ಟರಲ್ಲಿ ಎದುರಿನ ಹೋಟೆಲಿಗೆ ಹೋಗಿ ಕಾಫಿ ಕುಡಿದು ಬರಬಹುದು. ಅಪ್ಪ ಹಾಗೆಯೇ ಮಾಡುತ್ತಾರೆ.

ನಾನಾದರೋ ಇತಿಹಾಸದ ವಿದ್ಯಾರ್ಥಿ. ಸಾಮ್ರಾಜ್ಯಗಳ ಪತನಕ್ಕೆ ಕಾರಣ ಕೇಳಿದರೆ ಹತ್ತು ಅಂಕಕ್ಕೆ ಬರೆಯಬಲ್ಲೆ. ಯಂತ್ರವೇಕೆ ನಿಂತಿತೆಂದು ಕೇಳಿದರೆ ತಲೆ ಕೆರೆದುಕೊಳ್ಳುವವನು. ಇಂಥವನು ಬ್ರೌಸರಿನ ವಿಚಾರಕ್ಕೆ ಕೈ ಹಾಕಿದ್ದೇಕೆಂದು ಮಿತ್ರರು ಕೇಳಬಹುದು. ಹೇಳುತ್ತೇನೆ.

2023ರ ಜನವರಿಯ ಒಂದು ಬೆಳಗ್ಗೆ ಅಪ್ಪ ಕ್ರೋಮ್ ತೆರೆದಾಗ ಮೇಲುಗಡೆ ಒಂದು ಪಟ್ಟಿ ಕಾಣಿಸಿತು. ಮುಂದಿನ ಪರಿಷ್ಕರಣೆಗಳು ಬೇಕಾದರೆ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸತು ಬೇಕು ಎಂಬುದು ಅದರ ಸಾರಾಂಶ. ಅಪ್ಪ ಮೂಲೆಯಲ್ಲಿದ್ದ ಗುಣಾಕಾರದ ಗುರುತನ್ನು ಒತ್ತಿ ಅದನ್ನು ಮುಚ್ಚಿದರು. ಮತ್ತೆ ಬಂತು, ಮತ್ತೆ ಮುಚ್ಚಿದರು. ಒಂದೂವರೆ ವರ್ಷಕ್ಕೂ ಮೇಲೆ ಅವರಿಬ್ಬರ ನಡುವೆ ಈ ವ್ಯವಹಾರ ತಂಟೆತಕರಾರಿಲ್ಲದೆ ನಡೆಯಿತು.

2024ರ ದಸರಾ ರಜೆಯಲ್ಲಿ ನಾನು ಮಳಿಗೆಯಲ್ಲಿ ಕುಳಿತಿದ್ದೆ. ಹಳ್ಳಿಯ ಅಜ್ಜಿಯೊಬ್ಬರು ಪಿಂಚಣಿಯ ಕೆಲಸಕ್ಕೆಂದು ಬಂದರು. ಬ್ಯಾಂಕಿನ ಪಾಸ್ ಪುಸ್ತಕ, ಆಧಾರ್ ಕಾರ್ಡು ಎರಡನ್ನೂ ಸೆರಗಿನ ಗಂಟಿನಿಂದ ಬಿಚ್ಚಿದರು. ಅಪ್ಪ ನಂಬರು ಕೇಳಿದಾಗ ಆಕೆ ಸ್ವಲ್ಪ ಅನುಮಾನಿಸಿ, “ಇದ ಯಾರ್ಗೂ ಹೇಳ್‌ಬ್ಯಾಡಿ ಅಂತ ಬ್ಯಾಂಕ್‌ನೋರು ಅಂದವ್ರೆ. ನಿಮ್ಗೆ ಹೇಳ್‌ಬೌದಾ ಸ್ವಾಮಿ?” ಎಂದರು.

“ನನಗೆ ಹೇಳಿದ್ರೆ ಏನೂ ಆಗಲ್ಲ, ಹೇಳಿ ಅಜ್ಜಿ” ಎಂದರು ಅಪ್ಪ.

ಅಪ್ಪನ ಮಟ್ಟಿಗೆ ಅದು ನಿಜ. ಆದರೆ ಆ ಸಂಖ್ಯೆ ಅಪ್ಪನ ಕಿವಿಯಲ್ಲೇ ನಿಲ್ಲುವಂಥದಲ್ಲ. ಅವರ ಬೆರಳಿನಿಂದ ಇಳಿದು, ಒಂದೂವರೆ ವರ್ಷದಿಂದ ಯಾರೂ ರಿಪೇರಿ ಮಾಡದ ಬ್ರೌಸರಿನೊಳಗೆ ಹೋಗುತ್ತಿತ್ತು. ಆ ಬ್ರೌಸರಾದರೂ ಕುಳಿತಿದ್ದುದು ಎಲ್ಲಿ? ತಯಾರಕರು 2020ರ ಜನವರಿ 14ರಂದೇ ಕೈಬಿಟ್ಟ ವಿಂಡೋಸಿನ ಮೇಲೆ. ಅಜ್ಜಿ ನಂಬಿ ನಂಬರು ಹೇಳಿದರು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಹೊಸ ಕಂಪ್ಯೂಟರು ಕೊಳ್ಳುವ ಮಾತನ್ನು ನಾನು ಎತ್ತಲೇ ಇಲ್ಲ. ಎತ್ತಿದ್ದರೆ ಅಪ್ಪ ಮೌನವಾಗಿರುತ್ತಿದ್ದರು, ಆ ಮೌನ ನನಗೆ ಗೊತ್ತು. ಹಾಸ್ಟೆಲಿನ ಗೆಳೆಯರನ್ನು ಕೇಳಿದೆ. ಎಲ್ಲರದೂ ಒಂದೇ ಮಂತ್ರ: “ಹಗುರವಾದ ಬ್ರೌಸರ್ ಹಾಕೋ.” ಮುದಿ ಎತ್ತಿಗೆ ಹಗುರವಾದ ಗಾಡಿ, ನ್ಯಾಯವಾಗಿಯೇ ತೋರಿತು. ಆದರೆ ಈ ಭಾರವೆಲ್ಲಾ ಎಲ್ಲಿಂದ ಬಂತೆಂದು ವಿಚಾರಿಸತೊಡಗಿದಾಗ ಕಥೆ ಬೇರೆಯಾಯಿತು.

ಕ್ರೋಮ್ 2008ರಲ್ಲಿ ಹುಟ್ಟಿದಾಗಲೇ ತನ್ನ ಪುಟಗಳನ್ನು ಬೇರೆ ಬೇರೆ ಕೋಣೆಗಳಲ್ಲಿಡುವ ಏರ್ಪಾಡು ತಂದಿತು. ಒಂದು ಪುಟ ಕುಸಿದರೆ ಉಳಿದವು ಉಳಿಯಲೆಂದು. 2018ರಲ್ಲಿ ಸ್ಪೆಕ್ಟರ್ ಎಂಬ ದೋಷ ಬೆಳಕಿಗೆ ಬಂತು. ಅದು ಪ್ರೊಸೆಸರುಗಳಲ್ಲಿಯೇ ಇದ್ದ ದೋಷ. ಅದನ್ನು ಬಳಸಿಕೊಂಡು ಕೇಡಿನ ಪುಟವೊಂದು ಪಕ್ಕದ ಪುಟದ ಗುಟ್ಟನ್ನು ಕದಿಯಬಹುದೆಂದು ತಿಳಿದಾಗ, ಕ್ರೋಮ್ ಒಂದೊಂದು ತಾಣಕ್ಕೂ ಪ್ರತ್ಯೇಕ ಗೋಡೆ ಕಟ್ಟಿತು. ಇದರಿಂದ ರ್‍ಯಾಮಿನ ಖರ್ಚು ಶೇಕಡಾ 10ಕ್ಕೂ ಹೆಚ್ಚಾಗುತ್ತದೆಂದು ಅವರೇ ಒಪ್ಪಿಕೊಂಡರು. ಅಂದರೆ ಬ್ರೌಸರಿನ ಮೈಯೆಲ್ಲಾ ಕೊಬ್ಬಲ್ಲ. ಅದರಲ್ಲಿ ಗೋಡೆಯೂ ಇದೆ. ಹಗುರಾಗಲಿ ಎಂದು ಮನೆಯ ಗೋಡೆ ಕೆಡವುವವರುಂಟೆ? ಉಳಿದ ಭಾರ ಪುಟಗಳದು. ಜಾಹೀರಾತು, ತಾನಾಗಿ ಓಡುವ ಚಿತ್ರ, ನಮ್ಮ ಹೆಜ್ಜೆ ಎಣಿಸುವ ಗೂಢಚಾರ ಲಿಪಿಗಳು: ಇವನ್ನು ಹೊರಬೇಕಾದದ್ದು ಯಾವ ಬ್ರೌಸರಾದರೂ ಹೊರಲೇಬೇಕು.

ಆದರೂ ಆಸೆ ಬಿಡಲಿಲ್ಲ. ಗೆಳೆಯನೊಬ್ಬನ ಪೆನ್ ಡ್ರೈವಿನಿಂದ ಲಿನಕ್ಸನ್ನು ಓಡಿಸಿ, ಅದರಲ್ಲಿ ಡಿಲ್ಲೋ ಎಂಬ ಬ್ರೌಸರನ್ನು ಪರೀಕ್ಷಿಸಿದೆ. ಆಹಾ, ಏನು ವೇಗ! ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು. ಬರಿಯ ಅಕ್ಷರಗಳ ಪುಟವನ್ನು ನೀರು ಕುಡಿದಂತೆ ಓದಿ ತೋರಿಸಿತು. ಆದರೆ ಅದಕ್ಕೆ ಜಾವಾಸ್ಕ್ರಿಪ್ಟ್ ಬಾರದು. ಅಪ್ಪನಿಗೆ ದಿನವೂ ಬೇಕಾದ ಒಂದು ಇಲಾಖೆಯ ಪುಟವನ್ನು ತೆರೆದಾಗ ಬಿಳಿಯ ಪರದೆಯಲ್ಲದೆ ಏನೂ ಕಾಣಲಿಲ್ಲ. ಒಳ್ಳೆಯ ಮನುಷ್ಯ, ಆದರೆ ಕಚೇರಿಯೊಳಕ್ಕೆ ಬಿಡುವುದಿಲ್ಲ.

ಇನ್ನು ಉಳಿದದ್ದು ಫೈರ್‌ಫಾಕ್ಸ್. ವಿಂಡೋಸ್ 7ರಲ್ಲಿ ಓಡುವ ಅದರ ಕೊನೆಯದು 2023ರ ಜುಲೈಯ 115ನೆಯ ಆವೃತ್ತಿ. ಅದನ್ನು ಕಟ್ಟಿದವರು ಹಳೆಯ ಯಂತ್ರದವರ ಮೇಲೆ ಕರುಣೆಯಿಟ್ಟು ಅದರ ಗಡುವನ್ನು ಮತ್ತೆ ಮತ್ತೆ ಮುಂದೂಡಿದರು. ಹಾಕಿಬಿಟ್ಟರೆ ಕೆಲಸ ಮುಗಿಯಿತೆಂದುಕೊಂಡೆ. ಆದರೆ ಬಾಗಿಲಿಗೆ ಹೊಸ ಬೀಗ ಹಾಕಿ ಹಿತ್ತಿಲ ಗೋಡೆ ಬಿದ್ದಿದ್ದರೆ ಏನು ಬಂತು? ಕೆಳಗಿನ ವಿಂಡೋಸ್ ಹಳೆಯದೇ ಅಲ್ಲವೆ?

ಹಾಗಾದರೆ ಪೂರ್ತಿ ಲಿನಕ್ಸಿಗೇ ಹೋಗೋಣವೆಂದೆ. ಅಪ್ಪ ಮೊದಲ ಬಾರಿಗೆ ಗಾಬರಿಯಾದದ್ದು ಆಗ.

“ನನ್ನ ನುಡಿ ಫೈಲುಗಳೋ?”

ಕಾರಣವಿಲ್ಲದ ಗಾಬರಿಯಲ್ಲ. ಹತ್ತು ವರ್ಷದ ಕರಾರುಗಳ ಮಾದರಿಗಳನ್ನೆಲ್ಲಾ ಅವರು ನುಡಿಯ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿಟ್ಟಿದ್ದಾರೆ. ಅವು ಯೂನಿಕೋಡ್ ಅಲ್ಲ. ಆ ಫಾಂಟು ಇಲ್ಲದ ಕಡೆ ತೆರೆದರೆ ‘ಕರಾರುಪತ್ರ’ ಎಂಬುದು ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ಅದು ಅಪ್ಪನ ಆಸ್ತಿ. ಮಗನ ಬುದ್ಧಿವಂತಿಕೆಗಾಗಿ ಅದನ್ನು ಕಳೆದುಕೊಳ್ಳುವಂತಿರಲಿಲ್ಲ.

ಎರಡು ದಿನ ಯೋಚಿಸಿ ಎರಡನ್ನೂ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದೆವು. ನಾನು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ನಾಲ್ಕು ಅಂಗಡಿ ಅಲೆದು, ಈಗ ಯಾರೂ ಕೇಳದ ಡಿ.ಡಿ.ಆರ್. 2 ಜಾತಿಯ ಇನ್ನೊಂದು 2 ಜಿ.ಬಿ. ರ್‍ಯಾಮನ್ನು ಹಳೆಯ ಸಾಮಾನಿನ ರಾಶಿಯಿಂದ ಹೆಕ್ಕಿಸಿ ತಂದೆ. ಅಂಗಡಿಯವನು ನನ್ನನ್ನು ನೋಡಿದ ನೋಟದಲ್ಲಿ ಕನಿಕರವಿತ್ತು. ಬೆಲೆ ಬಸ್ಸಿನ ಚಾರ್ಜಿಗಿಂತ ಹೆಚ್ಚೇನೂ ಆಗಲಿಲ್ಲ. ಪುಣ್ಯಕ್ಕೆ ಪ್ರೊಸೆಸರು 64 ಬಿಟ್ಟಿನದು. 32 ಬಿಟ್ಟಿನದಾಗಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಡಿಸ್ಕನ್ನು ಎರಡು ಪಾಲು ಮಾಡಿ ಒಂದರಲ್ಲಿ ವಿಂಡೋಸನ್ನು ಹಾಗೆಯೇ ಉಳಿಸಿ, ಅದರ ಇಂಟರ್ನೆಟ್ಟನ್ನು ಮಾತ್ರ ಕಡಿದುಹಾಕಿದೆವು. ಇನ್ನೊಂದರಲ್ಲಿ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ, ಅದರ ಮೇಲೆ ಹೊಸ ಫೈರ್‌ಫಾಕ್ಸ್, ಅದಕ್ಕೊಂದು ಯುಬ್ಲಾಕ್ ಆರಿಜಿನ್. ಹೆಚ್ಚಿನ ರ್‍ಯಾಮಿಗಿಂತಲೂ ಈ ಜಾಹೀರಾತು ತಡೆಯುವ ಚಿಕ್ಕ ವಸ್ತುವಿನಿಂದಲೇ ಯಂತ್ರದ ಉಬ್ಬಸ ಹೆಚ್ಚು ಇಳಿಯಿತೆಂಬುದು ನನ್ನ ಅನುಭವ. ಒಮ್ಮೆಗೆ ಮೂರು ಪುಟಕ್ಕಿಂತ ಹೆಚ್ಚು ತೆರೆಯಬಾರದೆಂಬ ಪಥ್ಯವನ್ನೂ ವಿಧಿಸಿದ್ದೇನೆ. ಅಪ್ಪ ಅದನ್ನು, ಸಕ್ಕರೆಯ ಪಥ್ಯದಂತೆಯೇ, ನಾನು ಎದುರಿಗಿದ್ದಾಗ ಪಾಲಿಸುತ್ತಾರೆ.

ಯಂತ್ರ ಹೊತ್ತಿಸಿದರೆ ಪರದೆಯ ಮೇಲೆ ಈಗ ಎರಡು ಹೆಸರು ಬರುತ್ತವೆ. ಅಪ್ಪನಿಗೆ ಅವು ನೆನಪಿರುವುದಿಲ್ಲ. ವಿಂಡೋಸನ್ನು ಅವರು ‘ಒಳಮನೆ’ ಎನ್ನುತ್ತಾರೆ. ಅಲ್ಲಿ ನುಡಿಯೂ ಹತ್ತು ವರ್ಷದ ಕಡತಗಳೂ ಇವೆ, ಹೊರಗಿನವರು ಯಾರೂ ಬರುವಂತಿಲ್ಲ. ಮಿಂಟು ‘ಜಗಲಿ’, ಊರಿನ ವ್ಯವಹಾರವೆಲ್ಲಾ ಅಲ್ಲಿ. ಮೊನ್ನೆ ಆ ಅಜ್ಜಿ ಮತ್ತೆ ಬಂದಿದ್ದರು. ಅಪ್ಪ ಕನ್ನಡಕ ಏರಿಸಿಕೊಂಡು, “ಒಳಮನೆ ಕೆಲಸವೋ, ಜಗಲಿ ಕೆಲಸವೋ?” ಎಂದು ಕೇಳಿದರು. ಅಜ್ಜಿ ಅವರ ಮುಖವನ್ನೇ ನೋಡಿ, “ಪಿಂಚಣಿ ಕೆಲ್ಸ ಸ್ವಾಮಿ” ಎಂದು ಸೆರಗಿನ ಗಂಟು ಬಿಚ್ಚತೊಡಗಿದರು.