ಖಾಲಿ ತೋಟೆಯ ತೂಕ

ಎನ್.ಸಿ.ಸಿ. ಕ್ಯಾಂಪ್ ಮುಗಿಸಿ ಹೆಬ್ರಿ ಪೇಟೆಯಲ್ಲಿ ಬಸ್ಸಿಳಿದು ಮನೆಗೆ ಬಂದ ಹುಡುಗಿ ಚೀಲವನ್ನು ಜಗಲಿಯ ಮೇಲೆ ಹಾಕಿ ಸುಮ್ಮನೆ ಕುಳಿತಳು. ಅಂಗಳದಲ್ಲಿ ಸುಲಿದ ಅಡಿಕೆಯ ರಾಶಿ. ಅಜ್ಜ ಅದರ ಮುಂದೆ ಮಣೆ ಹಾಕಿಕೊಂಡು ಪಟೋರ, ಉಳ್ಳಿ, ಕರಿಗೋಟು ಎಂದು ಬೇರೆ ಬೇರೆ ಮಾಡುತ್ತಿದ್ದರು.

“ಎಂತ ಮಾರಾಯ್ತಿ, ಮುಖ ಇಷ್ಟು ಸಣ್ಣ ಆದದ್ದು?”

“ಗುಂಡೇ ಸರಿ ಇರಲಿಲ್ಲ ಅಜ್ಜ. ಒಂದೊಂದು ಒಂದೊಂದು ಕಡೆ ಹೋಯಿತು.”

ಪಾಯಿಂಟ್ 22 ರೈಫಲಿನಿಂದ 25 ಮೀಟರ್ ದೂರದ ಗುರಿಗೆ ಐದು ಗುಂಡು ಹೊಡೆಯಬೇಕಿತ್ತು. ಐದೂ ರಂಧ್ರಗಳು ಎಷ್ಟು ಹತ್ತಿರ ಬಿದ್ದಿವೆ ಎಂದು ಅಳೆಯುತ್ತಾರೆ; ನಡುವಿನ ಕಪ್ಪು ಚುಕ್ಕೆಗೆ ತಾಗಿತೋ ಇಲ್ಲವೋ ಎಂಬುದು ಆಮೇಲಿನ ಮಾತು. ಇವಳ ಐದು ರಂಧ್ರಗಳು 12 ಸೆಂಟಿಮೀಟರ್ ಹರಡಿಕೊಂಡಿದ್ದವು. ಒಳಗಿನಿಂದ ಅಪ್ಪನ ದನಿ ಕೇಳಿತು: “ಬರುವ ವರ್ಷ ಸಿ.ಇ.ಟಿ. ಉಂಟು. ಈ ಕೋವಿ ಕೆಲಸ ಇನ್ನು ಸಾಕು.” ಹುಡುಗಿಯೂ ಎದುರಾಡಲಿಲ್ಲ. ತಪ್ಪು ಗುಂಡಿನದು ಎಂದಾದರೆ ಬಿಟ್ಟುಬಿಡುವುದಕ್ಕೂ ಅವಮಾನವಿಲ್ಲ.

ಆ ಮಾತು ಅಜ್ಜನನ್ನು ಬಿಟ್ಟು ಬೇರೆ ಯಾರ ಮುಂದಾದರೂ ನಡೆಯುತ್ತಿತ್ತೋ ಏನೋ. ಅವರು ದುಡಿದದ್ದು ಪುಣೆಯ ಖಡ್ಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ. 1869ರಲ್ಲಿ ಶುರುವಾದ ಆ ಕಾರ್ಖಾನೆ 2021ರಿಂದ ಮ್ಯೂನಿಷನ್ಸ್ ಇಂಡಿಯಾ ಎಂಬ ಸರಕಾರಿ ಕಂಪೆನಿಯ ಕೈಕೆಳಗಿದೆ. ಅಲ್ಲಿಯ ತೋಟೆಗಳ ಬುಡದಲ್ಲಿ ‘ಕೆ.ಎಫ್.’ ಎಂಬ ಅಕ್ಷರಗಳ ಮುದ್ರೆ ಇರುತ್ತದೆ. ಕೆ ಎಂದರೆ ಕಿರ್ಕಿ, ಬ್ರಿಟಿಷರು ಖಡ್ಕಿಯನ್ನು ಕರೆಯುತ್ತಿದ್ದ ಹೆಸರು. ತೋಟೆಗಳ ಅಳತೆ ನೋಡುವ ವಿಭಾಗದಲ್ಲಿ ಕಣ್ಣು ಸವೆಸಿದ ಅಜ್ಜನಿಗೆ ‘ಸರಿ ಇಲ್ಲ’ ಎಂಬ ಶಬ್ದ ಕೇಳಿದರೆ ಆಗುವುದಿಲ್ಲ.

“ಸರಿ ಇಲ್ಲ ಅಂದರೆ ಎಷ್ಟು ಸರಿ ಇಲ್ಲ? ಅಳತೆ ಹೇಳು.”

ಹುಡುಗಿಗೆ ಹೇಳಲಾಗಲಿಲ್ಲ. ಅಜ್ಜ ಅಡಿಕೆ ಬದಿಗೆ ಸರಿಸಿ ಪಾಠಕ್ಕೆ ಕುಳಿತರು.

ತೋಟೆಯಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೊಳವೆ, ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಮದ್ದು, ತುದಿಯಲ್ಲಿ ಗುಂಡು. ಹೊಡೆದ ಮೇಲೆ ಉಳಿಯುವುದು ಹಿತ್ತಾಳೆ ಮಾತ್ರ. ದೊಡ್ಡ ರೈಫಲಿನ ಖಾಲಿ ತೋಟೆಗೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಹಾಕಿ ಮತ್ತೆ ಬಳಸಬಹುದು. ಅಮೆರಿಕ, ಯುರೋಪಿನ ದೂರಗುರಿಯ ಸ್ಪರ್ಧಿಗಳಲ್ಲಿ ಅನೇಕರು ತಮ್ಮ ತೋಟೆಗಳನ್ನು ತಾವೇ ಹೀಗೆ ತುಂಬಿಕೊಳ್ಳುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ತೋಟೆ ತಯಾರಿಸುವುದು ಅಪರಾಧ. ಚುನಾವಣೆ ಬಂತೆಂದರೆ ಮಂಗ, ಹಂದಿ ಓಡಿಸುವ ಕೋವಿಯನ್ನೂ ಠಾಣೆಯಲ್ಲಿ ಠೇವಣಿ ಇಡುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಹುಡುಗಿ ಹೊಡೆದ ಪಾಯಿಂಟ್ 22 ತೋಟೆಯನ್ನು ಮರಳಿ ತುಂಬಲು ಬರುವುದೂ ಇಲ್ಲ. ಅದರಲ್ಲಿ ಕಿಡಿಯ ರಾಸಾಯನಿಕ ಬುಡದ ಅಂಚಿನ ಮಡಿಕೆಯೊಳಗೇ ಇರುತ್ತದೆ. ಹೊಡೆತಕ್ಕೆ ಆ ಅಂಚು ಜಜ್ಜಿಹೋಗುತ್ತದೆ. ಆದರೂ ಕ್ಯಾಂಪಿನಲ್ಲಿ ಖಾಲಿ ತೋಟೆಗಳನ್ನು ಎಣಿಸಿ ಒಪ್ಪಿಸಲೇಬೇಕು.

ತೋಟೆಯ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ನೋಡಲು ಗಟ್ಟಿ, ಆದರೆ ಅದಕ್ಕೂ ನೆನಪಿನ ಶಕ್ತಿ ಇದೆ. ಬ್ರಿಟಿಷರ ಕಾಲದಲ್ಲಿ ಮಳೆಗಾಲ ಬಂತೆಂದರೆ ಭಾರತದಲ್ಲಿ ಸೈನ್ಯದ ಓಡಾಟ ಕಡಿಮೆಯಾಗುತ್ತಿತ್ತು, ತೋಟೆಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಯಾರೂ ಮುಟ್ಟದ ತೋಟೆಗಳು ಬಿರುಕುಬಿಟ್ಟಿರುತ್ತಿದ್ದವು! ಕಾರಣ ತಿಳಿದದ್ದು 1921ರಲ್ಲಿ. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಅದರ ಜೊತೆಗೆ ಕೊಳವೆಯನ್ನು ಎಳೆದು ರೂಪಿಸುವಾಗ ಲೋಹದೊಳಗೆ ಉಳಿದ ಬಿಗಿತ. ಹದವಾಗಿ ಕಾಯಿಸಿ ಆ ಬಿಗಿತ ತೆಗೆದರೆ ಬಿರುಕು ಬರುವುದಿಲ್ಲ. ರಸಾಯನಶಾಸ್ತ್ರದ ಪುಸ್ತಕದಲ್ಲಿ ಅಮೋನಿಯಾ ಓದಿ ಬೇಸತ್ತ ಮಕ್ಕಳು ಇದನ್ನು ಕೇಳಿದರೆ ಸ್ವಲ್ಪ ಎಚ್ಚರವಾದಾರು.

ತೋಟೆ ತುಂಬುವವರು ಮೊದಲು ಖಾಲಿ ತೋಟೆಗಳನ್ನು ವಿಂಗಡಿಸುತ್ತಾರೆ. ಬುಡದ ಮುದ್ರೆ ನೋಡಿ ಒಂದೇ ಕಾರ್ಖಾನೆಯವು ಒಂದು ಕಡೆ. ಎಷ್ಟು ಸಲ ಹೊಡೆದದ್ದು ಎಂಬ ಲೆಕ್ಕದಲ್ಲಿ ಮತ್ತೆ ಬೇರೆ ಬೇರೆ, ಏಕೆಂದರೆ ಹೊಡೆದಷ್ಟೂ ಹಿತ್ತಾಳೆ ಗಡುಸಾಗುತ್ತದೆ. ಉದ್ದ ಸರಿಮಾಡಿ, ಕುತ್ತಿಗೆಯ ದಪ್ಪ ಸುತ್ತಲೂ ಒಂದೇ ಇದೆಯೇ ನೋಡಿ, ಆಮೇಲೆ ತಕ್ಕಡಿ. ಅವರ ತೂಕದ ಅಳತೆ ಗ್ರೇನ್. ಒಂದು ಗ್ರೇನ್ ಎಂದರೆ 64.8 ಮಿಲಿಗ್ರಾಂ, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಸುಮಾರು ಅರ್ಧ. 7.62 ಮಿಲಿಮೀಟರ್ ರೈಫಲಿನ ಖಾಲಿ ತೋಟೆ ಕಾರ್ಖಾನೆಗೆ ತಕ್ಕಂತೆ 10ರಿಂದ 12 ಗ್ರಾಂ ತೂಗುತ್ತದೆ.

ತೂಕ ಯಾಕೆ ಬೇಕು? ಹೊರಗಿನ ಆಕಾರ ಎಲ್ಲ ತೋಟೆಗಳದ್ದೂ ಒಂದೇ. ಹಾಗಾದರೆ ಹೆಚ್ಚು ತೂಗುವ ತೋಟೆಯ ಗೋಡೆ ದಪ್ಪ, ಒಳಗಿನ ಜಾಗ ಕಡಿಮೆ. ಹಿತ್ತಾಳೆಯ ಸಾಂದ್ರತೆ ಘನ ಸೆಂಟಿಮೀಟರಿಗೆ 8.5 ಗ್ರಾಂ, ಅರ್ಧ ಗ್ರಾಂ ಹೆಚ್ಚಾದರೆ ಒಳಗೆ ಸುಮಾರು 0.06 ಘನ ಸೆಂಟಿಮೀಟರ್ ಜಾಗ ಹೋಯಿತು. ಒಟ್ಟು ಜಾಗವೇ 3.6 ಘನ ಸೆಂಟಿಮೀಟರಿನಷ್ಟು. ಅಷ್ಟೇ ಮದ್ದು ಇಕ್ಕಟ್ಟಿನಲ್ಲಿ ಉರಿದರೆ ಒತ್ತಡ ಏರುತ್ತದೆ, ಗುಂಡಿನ ವೇಗವೂ ಏರುತ್ತದೆ.

“ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡ,” ಎಂದು ಅಜ್ಜ ಎರಡು ಅಡಿಕೆ ಎತ್ತಿದರು. ಗಾತ್ರ ಒಂದೇ. ಕತ್ತಿಯಿಂದ ಸೀಳಿದರು. ಒಂದು ಗಟ್ಟಿ, ಒಂದರ ನಡುವೆ ಪೊಳ್ಳು. ತೂಗಿದ್ದರೆ ಇವೆರಡರ ವ್ಯತ್ಯಾಸ ಗೊತ್ತಾಗುತ್ತಿತ್ತು. ಆದರೆ ತೋಟೆಯ ತೂಕ ಕೆಲವೊಮ್ಮೆ ಸುಳ್ಳು ಹೇಳುತ್ತದೆ. ಬುಡದ ಅಂಚಿನಲ್ಲಿ, ಹೊರಗೆ ಕೊರೆದ ತೋಡಿನಲ್ಲಿ ಲೋಹ ಹೆಚ್ಚುಕಡಿಮೆ ಇದ್ದರೂ ತೂಕ ಬದಲಾಗುತ್ತದೆ, ಒಳಗಿನ ಜಾಗ ಹಾಗೆಯೇ ಇರುತ್ತದೆ. ನಿಜ ಬೇಕಿದ್ದರೆ ತೋಟೆಗೆ ಕಂಠಮಟ್ಟ ನೀರು ತುಂಬಿಸಿ ಆ ನೀರನ್ನು ತೂಗಬೇಕು. ಅದು ತಾಳ್ಮೆಯ ಕೆಲಸ, ಆದ್ದರಿಂದ ಹೆಚ್ಚಿನವರು ತಕ್ಕಡಿಗೇ ತೃಪ್ತರು. ಬೇಕಾದದ್ದನ್ನು ಬಿಟ್ಟು ಸುಲಭವಾಗಿ ಸಿಗುವುದನ್ನು ಅಳೆಯುವ ಅಭ್ಯಾಸ ತೋಟೆ ತುಂಬುವವರಿಗೆ ಮಾತ್ರ ಇರುವುದಲ್ಲ. ಅಂಕಪಟ್ಟಿ ಹಿಡಿದು ಮಕ್ಕಳನ್ನು ಎ, ಬಿ ಎಂದು ಕೂರಿಸುವ ಶಾಲೆಗಳಿಗೂ ಇದೆ. ಅಲ್ಲಿ ನೀರು ತುಂಬಿಸಿ ನೋಡುವಷ್ಟು ಪುರುಸೊತ್ತು ಯಾರಿಗಿದೆ?

ನಂತರ ಅಜ್ಜ ನೋಟ್‌ಬುಕ್ ತರಿಸಿದರು. ಗುಂಡಿನ ವೇಗ ಸೆಕೆಂಡಿಗೆ 800 ಮೀಟರ್ ಎಂದಿಟ್ಟುಕೊಂಡರೆ 100 ಮೀಟರ್ ಹೋಗಲು ಎಂಟನೇ ಒಂದು ಸೆಕೆಂಡು. ಅಷ್ಟರಲ್ಲಿ ಭೂಮಿ ಅದನ್ನು 7.7 ಸೆಂಟಿಮೀಟರ್ ಕೆಳಗೆಳೆಯುತ್ತದೆ. ವೇಗ ನೂರಕ್ಕೆ ಒಂದರಷ್ಟು ತಗ್ಗಿದರೆ ಇನ್ನೊಂದೂವರೆ ಮಿಲಿಮೀಟರ್. ಬೀಳುವಿಕೆ ಕಾಲದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ದೂರ 9 ಪಟ್ಟಾದರೆ ವ್ಯತ್ಯಾಸ 81 ಪಟ್ಟು. 900 ಮೀಟರಿನಲ್ಲಿ ಆ ಒಂದೂವರೆ ಮಿಲಿಮೀಟರ್ 12 ಸೆಂಟಿಮೀಟರ್ ಆಗುತ್ತದೆ. ಗಾಳಿಯ ತಡೆ ಸೇರಿಸಿದರೆ ಇನ್ನೂ ಹೆಚ್ಚು.

“ನೋಡಿ, ನನ್ನದೂ 12!” ಎಂದಳು ಹುಡುಗಿ.

“ನಿನ್ನದು 900 ಮೀಟರೋ?”

ಅವಳೇ ಲೆಕ್ಕ ಮಾಡಿದಳು. ಪಾಯಿಂಟ್ 22ರ ವೇಗ ಸೆಕೆಂಡಿಗೆ 330 ಮೀಟರ್ ಎಂದುಕೊಂಡರೆ 25 ಮೀಟರಿನಲ್ಲಿ ಬೀಳುವುದು 2.8 ಸೆಂಟಿಮೀಟರ್. ವೇಗ 320ಕ್ಕೆ ಇಳಿದರೆ 3 ಸೆಂಟಿಮೀಟರ್. ವ್ಯತ್ಯಾಸ ಎರಡು ಮಿಲಿಮೀಟರಿಗೂ ಕಡಿಮೆ. ನಂಬಿಕೆ ಬಾರದೆ ಮತ್ತೆ ಮಾಡಿದಳು. ಈ ನಡುವೆ ಹೊರಗೆ ಬಂದಿದ್ದ ಅಪ್ಪ ಅಡಿಕೆ ಲೆಕ್ಕದ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದರು. ಅದೇ ಉತ್ತರ.

ಅಜ್ಜ ಗುಂಡನ್ನು ಪೂರ್ತಿ ನಿರ್ದೋಷಿ ಎನ್ನಲಿಲ್ಲ. ಗುಂಡಿನ ಆಕಾರ ಓರೆಯಾಗಿರಬಹುದು, ನಳಿಗೆ ಸವೆದಿರಬಹುದು. ಆ ರೈಫಲನ್ನು ಮರಳಚೀಲದ ಮೇಲೆ ಅಲುಗದಂತೆ ಇಟ್ಟು ಹೊಡೆದು ನೋಡಿದರೆ ಅವುಗಳ ಪಾಲು ಎಷ್ಟೆಂದು ತಿಳಿಯುತ್ತದೆ. ಆದರೆ ವೇಗದ ನೆಪ ಎರಡು ಮಿಲಿಮೀಟರಿಗಿಂತ ಹೆಚ್ಚು ಹೊರುವುದಿಲ್ಲ.

“ಹಾಗಾದರೆ ತಪ್ಪು ನನ್ನದೇ?” ಹುಡುಗಿಯ ಕಣ್ಣು ತುಂಬಿತು.

“ತಪ್ಪು ಯಾರು ಹೇಳಿದ್ದು? ನಿನ್ನದಾದರೆ ನಿನ್ನ ಕೈಯಲ್ಲೇ ಉಂಟು. ಗುಂಡಿನದಾದರೆ ಖಡ್ಕಿಗೆ ಕಾಗದ ಬರೆಯಬೇಕು. ಕುದುರೆ ಒತ್ತುವಾಗ ಉಸಿರು ಎಲ್ಲಿತ್ತು?”

ಹುಡುಗಿಗೆ ನೆನಪಿರಲಿಲ್ಲ. ಮೊದಲ ಸದ್ದಿಗೇ ಕಣ್ಣು ಮುಚ್ಚಿಹೋಗಿತ್ತು ಎಂದು ತಡವರಿಸುತ್ತ ಹೇಳಿದಳು. ಅಪ್ಪ ಏನೂ ಹೇಳದೆ ಕ್ಯಾಲ್ಕುಲೇಟರನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದರು. ಮುಂದಿನ ಕ್ಯಾಂಪಿನ ಒಪ್ಪಿಗೆ ಪತ್ರ ಬಂದಾಗ ಸಹಿ ಹಾಕಿ, ಅದರ ಕೆಳಗೇ ಸಿ.ಇ.ಟಿ. ಪುಸ್ತಕವನ್ನೂ ಇಟ್ಟಿದ್ದರು.

ಆ ಕ್ಯಾಂಪಿನಲ್ಲಿ ಅವಳ ಐದು ಗುಂಡು 7 ಸೆಂಟಿಮೀಟರಿನೊಳಗೆ ಬಿದ್ದವು. ಸಂಜೆ ಫೋನಿನಲ್ಲಿ ಸುದ್ದಿ ಕೇಳಿದ ಅಜ್ಜ ಶಹಬ್ಬಾಸ್ ಅನ್ನಲಿಲ್ಲ.

“ಐದರಲ್ಲಿ ಮೊದಲು ಹೊಡೆದದ್ದು ಯಾವುದು, ಗುರುತು ಇಟ್ಟುಕೊಂಡಿದ್ದೀಯಾ?” ಎಂದು ಕೇಳಿದರು.