ಅಜ್ಜಿಯ ನಾಲ್ಕು ನಿಮಿಷದ ದನಿ

ಚಿಕ್ಕವ್ವನ ಮದುವೆ ಆದದ್ದು 1998ರಲ್ಲಿ, ಗುಂಡ್ಲುಪೇಟೆಯಲ್ಲಿ. ಚಾಮರಾಜನಗರ ಜಿಲ್ಲೆಯಾದ ಮರುವರ್ಷ. ಮೂರು ಗಂಟೆಯ ವಿಎಚ್‌ಎಸ್ ಕ್ಯಾಸೆಟ್. ಆ ಕಾಲದ ಮದುವೆ ವಿಡಿಯೊ ನೋಡಿದವರಿಗೆ ಗೊತ್ತು, ಉದ್ದಕ್ಕೂ ಸಿನಿಮಾ ಹಾಡು ತುಂಬಿರುತ್ತಾರೆ. ಜನರ ಬಾಯಿ ಆಡುತ್ತದೆ, ಮಾತು ಕೇಳಿಸುವುದಿಲ್ಲ. ನಮ್ಮ ಕ್ಯಾಸೆಟ್ಟಿನಲ್ಲಿ ಅದು ಹೇಗೋ ಅರಿಶಿನದ ಶಾಸ್ತ್ರದ ಹತ್ತಿರ ನಾಲ್ಕು ನಿಮಿಷ ಹಾಡು ಹಾಕುವುದನ್ನು ಮರೆತಿದ್ದಾರೆ. ಆ ನಾಲ್ಕು ನಿಮಿಷದಲ್ಲಿ ನಮ್ಮಜ್ಜಿ ಸೋಬಾನೆ ಹೇಳುತ್ತಾರೆ. ಅಜ್ಜಿ ಈಗಿಲ್ಲ. ಅವರ ದನಿ ಇನ್ನೆಲ್ಲೂ ಇಲ್ಲ.

ಕೀಪ್ಯಾಡ್ ಮೊಬೈಲಿನ ಕಾಲದಲ್ಲಿ ಇದನ್ನೊಮ್ಮೆ ಮೆಮೊರಿ ಕಾರ್ಡಿಗೆ ಹಾಕಿಸಿದ್ದೆವು. 3ಜಿಪಿ ಫೈಲು. ಚಿತ್ರ ಬೆಂಕಿಪೊಟ್ಟಣದಷ್ಟು. ಆ ಫೈಲುಗಳಲ್ಲಿ ಧ್ವನಿಯನ್ನು ಫೋನ್ ಕರೆಗೆ ಸಾಕಾಗುವಷ್ಟಕ್ಕೆ ಹಿಂಡಿರುತ್ತಾರೆ. ಅಜ್ಜಿ ಡಬ್ಬದೊಳಗೆ ಕೂತು ಹಾಡಿದಂತಿತ್ತು. ಅವ್ವ ಎರಡು ಸಲ ಕೇಳಿ, ‘ಇದು ಅವ್ವನ ದನಿ ಅಲ್ಲ ಬುಡು’ ಎಂದು ಫೋನು ಕೆಳಗಿಟ್ಟಳು.

ಕ್ಯಾಸೆಟ್ ಮಾತ್ರ ಅಟ್ಟದ ಟ್ರಂಕಿನಲ್ಲೇ ಉಳಿದಿತ್ತು. ಹೋದ ವರ್ಷ ತೆಗೆದಾಗ ಟೇಪಿನ ಅಂಚಿಗೆ ಬಿಳಿ ಬೂಷ್ಟು. ಹಾಗೇ ಹಾಕಿದರೆ ಟೇಪೂ ಕೆಡುತ್ತದೆ, ವಿಸಿಆರ್ ಹೆಡ್ಡೂ ಕೆಡುತ್ತದೆ. ಹೊಸ ವಿಸಿಆರ್ ಸಿಗುವ ಮಾತೇ ಇಲ್ಲ. ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನೈ ಕಂಪನಿಯೂ 2016ರ ಜುಲೈಗೆ ನಿಲ್ಲಿಸಿತು. ಹಳೆಯ ವಿಡಿಯೊಗ್ರಾಫರ್ ಒಬ್ಬರು ಟೇಪು ಒರೆಸಿ, ತಮ್ಮ ವಿಸಿಆರ್ ಕೊಟ್ಟರು. ಮೂರು ಗಂಟೆಯ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಯಲು ಮೂರು ಗಂಟೆಯೇ ಬೇಕು, ಅದಕ್ಕೆ ಅಡ್ಡದಾರಿಯಿಲ್ಲ. ಡಿವಿ ರೂಪದಲ್ಲಿ ಇಳಿಸಿದೆ. ಗಂಟೆಗೆ 13 ಜಿಬಿ, ಒಟ್ಟು 39 ಜಿಬಿ.

ಇಷ್ಟು ದೊಡ್ಡದನ್ನು ಯಾರ ಫೋನಿಗೂ ಹಾಕಲಾಗದು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಒಂದು ಗಂಟೆಯ ಭಾಗವನ್ನು ಮೂರು ಬಗೆಯಲ್ಲಿ ಕುಗ್ಗಿಸಿ ನೋಡಿದೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಸಿಕ್ಕ ಲೆಕ್ಕ ಇದು:

ಎಚ್.264: 14 ನಿಮಿಷ, 900 ಎಂಬಿ.
ಎಚ್.265: 55 ನಿಮಿಷ, 580 ಎಂಬಿ.
ಗ್ರಾಫಿಕ್ಸ್ ಚಿಪ್ಪಿನಿಂದ ಮಾಡಿಸಿದ ಎಚ್.264: 4 ನಿಮಿಷ, 1.4 ಜಿಬಿ.

ಬೇಗ ಮುಗಿದದ್ದು ದಪ್ಪ, ತಡವಾದದ್ದು ತೆಳ್ಳಗೆ. 2013ರಲ್ಲಿ ಬಂದ ಎಚ್.265 ಒಂದೊಂದು ಚಿತ್ರವನ್ನೂ ಹೆಚ್ಚು ಹುಡುಕಾಡಿ ಕುಗ್ಗಿಸುತ್ತದೆ, ಅದಕ್ಕೇ ಹೊತ್ತು ಹಿಡಿಯುತ್ತದೆ. ಮಧ್ಯೆ ಕರೆಂಟು ಹೋಯಿತು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆರಿತು. ಅರ್ಧಕ್ಕೆ ನಿಂತ ಎಂಪಿ4 ಫೈಲು ತೆರೆಯಲೇ ಇಲ್ಲ. ಆ ಫೈಲಿನ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲಾಗುತ್ತದೆ, ಕೊನೆ ಮುಟ್ಟದಿದ್ದರೆ ಎಲ್ಲವೂ ವ್ಯರ್ಥ. ಮತ್ತೆ ಮೊದಲಿನಿಂದ ಮಾಡಿದೆ.

ಚಿಕ್ಕದಾಯಿತಲ್ಲ ಎಂಬ ಖುಷಿಯಲ್ಲಿ ಎಚ್.265 ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಗುಂಡ್ಲುಪೇಟೆಗೆ ಹೋದೆ. ಚಿಕ್ಕವ್ವನ ಮನೆಯ ಹಳೆಯ ಟಿವಿ ಅದನ್ನು ಆಡಿಸಲೇ ಇಲ್ಲ. ಉಳಿಸಿದ 320 ಎಂಬಿಯಿಂದ ಏನೂ ಗಿಟ್ಟಲಿಲ್ಲ. ಮುಂದಿನ ವಾರ ಎಚ್.264 ಒಯ್ದೆ, ಆಡಿತು.

ಈ ಓಡಾಟದಲ್ಲಿ ಒಂದು ವಿಷಯ ತಡವಾಗಿ ಹೊಳೆಯಿತು. ನಾನು ಚಿತ್ರವನ್ನೇ ಅಳೆಯುತ್ತಿದ್ದೆ. ನಮಗೆ ಬೇಕಾಗಿದ್ದು ದನಿ. ಧ್ವನಿಯನ್ನು 64 ಕೆಬಿಪಿಎಸ್‌ಗೆ ಇಳಿಸಿದರೆ ಗಂಟೆಗೆ ಸುಮಾರು 29 ಎಂಬಿ, 192 ಇಟ್ಟರೆ 86 ಎಂಬಿ. ವ್ಯತ್ಯಾಸ 57 ಎಂಬಿ, ನಾವು ಬೆಳಗ್ಗೆದ್ದು ಅಳಿಸುವ ಗುಡ್ ಮಾರ್ನಿಂಗ್ ವಿಡಿಯೊಗಳಷ್ಟು. ಅಷ್ಟಕ್ಕೆ ಜಿಪುಣತನ ಮಾಡಬಾರದು. 192 ಇಟ್ಟೆ.

ಟಿವಿಯಲ್ಲಿ ಆ ನಾಲ್ಕು ನಿಮಿಷ ಬಂದಾಗ ಅವ್ವ ಒಲೆ ಆರಿಸಿ ಬಂದು ನಿಂತಳು. ಪದದ ಮಧ್ಯೆ ಅಜ್ಜಿ ಕೆಮ್ಮಿ, ಪಕ್ಕದವರಿಗೆ ಏನೋ ಗದರಿ, ಮತ್ತೆ ಶುರು ಮಾಡುತ್ತಾರೆ. 3ಜಿಪಿಯಲ್ಲಿ ಆ ಗದರಿಕೆ ಕೇಳಿಸಿರಲಿಲ್ಲ. ‘ಅವ್ವನೇ ಕನಾ’ ಎಂದಳು ಚಿಕ್ಕವ್ವ. ಅವ್ವ ಮಾತಾಡಲಿಲ್ಲ.

39 ಜಿಬಿಯ ಮೂಲ ಫೈಲನ್ನು ಅಳಿಸಿಲ್ಲ. ಒಂದು ಹಾರ್ಡ್ ಡಿಸ್ಕ್ ಚಾಮರಾಜನಗರದ ನಮ್ಮ ಮನೆಯಲ್ಲಿ, ಇನ್ನೊಂದು ಗುಂಡ್ಲುಪೇಟೆಯಲ್ಲಿ ಚಿಕ್ಕವ್ವನ ಬೀರುವಿನಲ್ಲಿದೆ. ಕುಗ್ಗಿಸಿದ್ದನ್ನು ನಾಳೆ ಬೇರೆ ಬಗೆಯಲ್ಲಿ ಮತ್ತೆ ಕುಗ್ಗಿಸಬಹುದು. ಕಳೆದದ್ದನ್ನು ಹಿಗ್ಗಿಸಲಾಗದು.

ನಿಮ್ಮ ಅಟ್ಟದಲ್ಲೂ ಒಂದು ಕ್ಯಾಸೆಟ್ ಇರಬಹುದು. ಈ ಮಳೆಗಾಲಕ್ಕೆ ಮುಂಚೆ ಇಳಿಸಿ ನೋಡಿ. ಸಿನಿಮಾ ಹಾಡು ಎಲ್ಲಿ ನಿಲ್ಲುತ್ತದೋ ಅಲ್ಲಿ ಕಿವಿಗೊಡಿ.