ಅರಿಯದೆ ಆಡಿದ ಮಾತು

ರೋಣದಲ್ಲಿ ಮಕ್ಕಳಿಗೆ ಕುರ್‌ಆನ್ ಪಾಠ ಹೇಳಿಕೊಡುವುದು ನನ್ನ ವೃತ್ತಿ. ಗಜೇಂದ್ರಗಡದಲ್ಲಿರುವ ಅಕ್ಕನ ಮಗನಿಗೆ ಇಪ್ಪತ್ತೆರಡರ ಪ್ರಾಯ. ಎರಡು ವರ್ಷಗಳ ಹಿಂದೆ ಅವನ ಕಿವಿಯ ಕೆಳಗೆ, ಕುತ್ತಿಗೆಯ ಮೇಲೆ, ಕಡಲೆಕಾಳಿನಷ್ಟು ಗಂಟೊಂದು ಕಾಣಿಸಿಕೊಂಡಿತು. "ಮಾಮಾ, ಇದೇನಿರಬಹುದು?" ಎಂದು ಕೇಳಿದ. ನಾನು ದುಆ ಓದಿ ಊದಿ, "ಕೊಬ್ಬಿನ ಗಂಟು, ಏನೂ ಆಗುವುದಿಲ್ಲ" ಎಂದೆ. ದುಆ ತಪ್ಪಾಗಿರಲಿಲ್ಲ, ಆ ಮಾತು ತಪ್ಪಾಗಿತ್ತು. ಏಕೆಂದರೆ ನನಗೆ ಗೊತ್ತಿರಲಿಲ್ಲ.

ಗಂಟು ಬೆಳೆಯಿತು, ಕಲ್ಲಿನಂತೆ ಗಟ್ಟಿಯಾಯಿತು, ಮೇಲಿನ ಚರ್ಮ ನೀಲಿಗಟ್ಟಿತು. ನರಗುಂದದ ಹುಡುಗಿಯೊಂದಿಗೆ ಅವನ ನಿಕಾಹ್ ನಿಶ್ಚಯವಾಗಿತ್ತು. ಅಷ್ಟರಲ್ಲಿ "ಹುಡುಗನಿಗೆ ಕ್ಯಾನ್ಸರ್ ಇದೆಯಂತೆ" ಎಂಬ ಸುದ್ದಿ ಅಲ್ಲಿಗೆ ಮುಟ್ಟಿತು. ಹುಡುಗಿಯ ತಂದೆ ಫೋನಿನಲ್ಲಿ ತಡವರಿಸಿದರು. ಅಕ್ಕ ಊಟ ಬಿಟ್ಟಳು.

ಕೊನೆಗೆ ಗದಗಿನ ವೈದ್ಯರ ಬಳಿಗೆ ಹೋದೆವು. ಅವರು ಚರ್ಮವನ್ನು ಹಿಗ್ಗಿಸಿ, ಗಂಟಿನ ಮೂಲೆಗಳನ್ನು ಬೆರಳಿನಿಂದ ತಡವಿ ನೋಡಿದರು. ಕೊಬ್ಬಿನ ಗಂಟು ಇಷ್ಟು ಗಟ್ಟಿಯಾಗಿರುವುದಿಲ್ಲ ಎಂದರು. ಅವರಿಗೊಂದು ಅಂದಾಜಿತ್ತು, ಆದರೂ ಅಂದಾಜನ್ನು ತೀರ್ಪೆಂದು ಹೇಳಲಿಲ್ಲ. ಆ ಭಾಗವನ್ನಷ್ಟೇ ಮರಗಟ್ಟಿಸಿ, ಗಂಟನ್ನು ಪೂರ್ತಿಯಾಗಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿದರು.

ಹತ್ತು ದಿನಗಳ ಬಳಿಕ ವರದಿ ಬಂತು: ಪೈಲೋಮ್ಯಾಟ್ರಿಕೋಮಾ. ಕೂದಲನ್ನು ರೂಪಿಸುವ ಜೀವಕೋಶಗಳಿಂದ ಹುಟ್ಟುವ, ಕ್ಯಾನ್ಸರ್ ಅಲ್ಲದ ವಿರಳ ಗೆಡ್ಡೆ. ಮಕ್ಕಳಲ್ಲಿ, ತರುಣರಲ್ಲಿ, ಹೆಚ್ಚಾಗಿ ತಲೆ, ಕುತ್ತಿಗೆ, ತೋಳುಗಳಲ್ಲಿ ಕಾಣಿಸುತ್ತದೆ. ಸುಣ್ಣದ ಅಂಶ ಸೇರುವುದರಿಂದ ಗಟ್ಟಿಯಾಗುತ್ತದೆ. 1880ರಲ್ಲೇ ಫ್ರಾನ್ಸಿನ ಮಾಲೆರ್ಬ್ ಮತ್ತು ಶನಾಂತೆ ಇದನ್ನು ವಿವರಿಸಿದ್ದರಂತೆ. ಸೂಕ್ಷ್ಮದರ್ಶಕದಲ್ಲಿ ಕೋಶಕೇಂದ್ರ ಅಳಿದು ಬರಿಯ ಆಕಾರವುಳಿದ, ನೆರಳಿನಂಥ ಕೋಶಗಳು ಕಂಡರೆ ಅದೇ ಇದರ ಗುರುತು. ಪೂರ್ತಿ ತೆಗೆದರೆ ಮರಳಿ ಬರುವುದು ಅಪರೂಪ.

ವರದಿಯನ್ನು ಹಿಡಿದು ನಾನೇ ನರಗುಂದಕ್ಕೆ ಹೋದೆ. ಹುಡುಗಿಯ ತಂದೆ ಎರಡು ಸಲ ಓದಿಸಿಕೊಂಡು, "ಕೇಳಿದ್ದನ್ನೇ ನಂಬಿಬಿಟ್ಟೆವು ಹಜರತ್, ಮಾಫ್ ಮಾಡಿರಿ" ಎಂದರು. ಕ್ಷಮೆ ಕೇಳಬೇಕಾದವನು ನಾನೂ ಆಗಿದ್ದೆ. ಅರಿಯದೆ ಅವರು ಕ್ಯಾನ್ಸರ್ ಎಂದರು. ಅರಿಯದೆ ನಾನು ಏನೂ ಇಲ್ಲವೆಂದೆ. ಒಂದು ಮಾತು ಮನೆಯನ್ನು ಹೆದರಿಸಿತು, ಇನ್ನೊಂದು ಎರಡು ವರ್ಷ ಮಲಗಿಸಿತು.

ಅರಿವಿಲ್ಲದ್ದರ ಬೆನ್ನು ಹತ್ತಬೇಡಿ, ಕಿವಿ, ಕಣ್ಣು, ಹೃದಯ ಎಲ್ಲವನ್ನೂ ವಿಚಾರಿಸಲಾಗುವುದು ಎಂಬುದು ಸೂರಃ ಅಲ್ ಇಸ್ರಾದ 36ನೆಯ ವಚನದ ಬೋಧನೆ. ಅದನ್ನು ಮಕ್ಕಳಿಗೆ ಎಷ್ಟು ಸಲ ಕಲಿಸಿದ್ದೇನೋ! ಈಗ ಯಾರಾದರೂ ಗಂಟು ತೋರಿಸಿದರೆ ದುಆ ಓದುತ್ತೇನೆ. ಆಮೇಲೆ, "ನನಗೆ ಗೊತ್ತಿಲ್ಲ, ಬನ್ನಿ, ವೈದ್ಯರಿಗೆ ತೋರಿಸೋಣ" ಎನ್ನುತ್ತೇನೆ. ಅರಿಯದ್ದನ್ನು ಅರಿಯೆನೆನ್ನುವ ಧೈರ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.